ನಮ್ಮ ಮನೆಯ ಹರಿಗೋಲು

ಮನೆಯಲ್ಲಿ ಏನೇನಿದೆ ಎಂದು ಯಾರಾದರೂ ಕೇಳಿದರೆ ಜನರು ಟಿ.ವಿ., ಫ್ರಿಜ್, ಸ್ಕೂಟರ್ ಎಂದು ಪಟ್ಟಿ ಒಪ್ಪಿಸುತ್ತಾರೆ. ನಮ್ಮ ಮಕ್ಕಳು ಮಾತ್ರ ಮೊದಲು ಹೇಳುವುದು, "ನಮ್ಮಲ್ಲೊಂದು ಹರಿಗೋಲಿದೆ" ಎಂದು. ಕೇಳಿದವರಿಗೆ ನಗು ಬರುತ್ತದೆ. ನಾವು ಮೀನು ಹಿಡಿಯುವವರಲ್ಲ. ಜನರನ್ನು ಹೊಳೆ ದಾಟಿಸಿ ಕೂಲಿ ಪಡೆಯುವವರೂ ಅಲ್ಲ. ನಂಜನಗೂಡಿನಲ್ಲಿ ಚಿಕ್ಕದೊಂದು ಅಂಗಡಿ ನಡೆಸಿ ಬದುಕುವ ಕುಟುಂಬ. ಅಂಥವರ ಹಿತ್ತಲಲ್ಲಿ ದೊಡ್ಡ ಆಮೆಯಂತೆ ಬೋರಲು ಬಿದ್ದಿರುವ ಈ ಬಿದಿರಿನ ಬುಟ್ಟಿಗೆ ಏನು ಕೆಲಸ?

ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತ, ಕೆಲವು ಕಡೆ ಜಗಳವಾಡುತ್ತ ಇದನ್ನು ಬರೆದಿದ್ದೇವೆ.

ನಂಜನಗೂಡಿನವರಿಗೆ ಕಪಿಲೆ ಹೊಸಬಳಲ್ಲ. ಕೇರಳದ ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲೂಕಿನ ಬೀಚನಹಳ್ಳಿ ಅಣೆಕಟ್ಟೆಯಲ್ಲಿ ಸ್ವಲ್ಪ ತಂಗಿ, ನಮ್ಮ ಊರಿನ ಮಗ್ಗುಲಲ್ಲಿ ಹರಿದು, ಸುತ್ತೂರನ್ನು ಹಾದು, ತಿ. ನರಸೀಪುರದಲ್ಲಿ ಅವಳು ಕಾವೇರಿಯನ್ನು ಸೇರುತ್ತಾಳೆ. ಸರ್ಕಾರದ ಕಾಗದದಲ್ಲಿ ಕಬಿನಿ, ಊರವರ ಬಾಯಲ್ಲಿ ಕಪಿಲೆ, ಮನೆಯೊಳಗೆ ಬರೀ ‘ಹೊಳೆ’. ಆದರೆ ನಮ್ಮ ಮನೆಯಲ್ಲಿ ಬಹಳ ಕಾಲ ಹೊಳೆಯ ಮಾತನ್ನೇ ಎತ್ತುವಂತಿರಲಿಲ್ಲ. ಕಾರಣ ಅಮ್ಮ.

ಅಮ್ಮನ ತವರು ತಿ. ನರಸೀಪುರ. 1991ರ ಬೇಸಿಗೆಯಲ್ಲಿ ಅವರ ಕಿರಿಯ ತಮ್ಮ ಗೆಳೆಯರ ಜೊತೆ ಸಂಗಮದ ಕಡೆಗೆ ಈಜಲು ಹೋದವನು ಮರಳಿ ಬರಲಿಲ್ಲ. ವಯಸ್ಸು 19. ಈಜು ಬಾರದವನೇನಲ್ಲ, ನೀರಿನಲ್ಲೇ ಬೆಳೆದವನು. ಮೊಣಕಾಲುದ್ದ ನೀರೆಂದು ನಂಬಿ ಇಟ್ಟ ಹೆಜ್ಜೆ ಮರಳು ತೆಗೆದು ಬಿಟ್ಟಿದ್ದ ಗುಂಡಿಗೆ ಬಿತ್ತು. ಮೇಲಿನಿಂದ ನೋಡಿದರೆ ನೀರು ಎಲ್ಲ ಕಡೆಯೂ ಒಂದೇ. ಒಳಗಿನ ಗುಂಡಿ ಯಾರಿಗೂ ಕಾಣುವುದಿಲ್ಲ. ಅಂದಿನಿಂದ ಅಮ್ಮ ಹೊಳೆಯ ಹತ್ತಿರ ಹೋಗಲಿಲ್ಲ. ಬಸ್ಸಿನಲ್ಲಿ ಸೇತುವೆ ದಾಟುವಾಗಲೂ ಮುಖವನ್ನು ಇನ್ನೊಂದು ಕಡೆ ತಿರುಗಿಸಿ ಕೂರುತ್ತಿದ್ದರು.

ಮಕ್ಕಳು ದೊಡ್ಡವರಾಗತೊಡಗಿದಂತೆ ನಮಗೆ ಒಂದು ಚಿಂತೆ ಶುರುವಾಯಿತು. ಹೊಳೆ ಮನೆಯಿಂದ ಕೂಗಳತೆಯಲ್ಲಿದೆ. ಹೋಗಬೇಡಿ ಎಂದರೆ ಇವತ್ತು ಕೇಳುತ್ತಾರೆ. ನಾಳೆ ಮೀಸೆ ಮೂಡಿದ ಮೇಲೆ ಕೇಳುತ್ತಾರೆಯೇ? ಆಗ ಗೆಳೆಯರ ಜೊತೆ ಕದ್ದು ಹೋಗುತ್ತಾರೆ. ಕದ್ದು ಹೋದವರಿಗೆ ಹೊಳೆಯ ಗುಣ ತಿಳಿದಿರುವುದಿಲ್ಲ. ಹೆದರಿಸಿ ದೂರ ಇಡುವುದಕ್ಕಿಂತ ಪರಿಚಯ ಮಾಡಿಸುವುದು ಮೇಲಲ್ಲವೇ? ಈ ವಾದವನ್ನು ನಾವಿಬ್ಬರೂ ರಾತ್ರಿ ಪಿಸುಮಾತಿನಲ್ಲಿ ಎಷ್ಟೋ ಸಲ ಮಾಡಿದ್ದೇವೆ. ಅಮ್ಮನ ಮುಂದೆ ಹೇಳುವ ಧೈರ್ಯ ಇರಲಿಲ್ಲ.

2014ರಲ್ಲಿ ಒಂದು ಸಂದರ್ಭ ತಾನಾಗಿ ಒದಗಿತು. ನಮ್ಮ ಅಂಗಡಿಗೆ ಬರುತ್ತಿದ್ದ ಮುದುಕರೊಬ್ಬರು ಮೊದಲು ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದವರು. ಮಂಡಿ ನೋವಿನಿಂದ ಕೆಲಸ ಬಿಟ್ಟಿದ್ದರು. "ನನ್ನ ಹರಿಗೋಲು ಸುಮ್ಮನೆ ಗೆದ್ದಲು ಹಿಡಿಯುತ್ತಿದೆ, ಯಾರಾದರೂ ಇದ್ದರೆ ಹೇಳಿ" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಆ ಸಂಜೆ 3,500 ರೂಪಾಯಿಗೆ ಹರಿಗೋಲು ನಮ್ಮದಾಯಿತು. ಅಜ್ಜ ಒಂದು ಷರತ್ತು ಹಾಕಿದರು: "ನಾನು ಕಲಿಸಿ ಮುಗಿಸುವವರೆಗೆ ನೀವಾಗಿ ನೀರಿಗೆ ಇಳಿಸಬಾರದು."

ಅಮ್ಮ ಅದನ್ನು ನೋಡಿದರು. ಏನೂ ಹೇಳಲಿಲ್ಲ. ಎರಡು ದಿನ ನಮ್ಮೊಡನೆ ಮಾತು ಬಿಟ್ಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹರಿಗೋಲನ್ನು ದೂರದಿಂದ ನೋಡಿದವರಿಗೆ ಅದೊಂದು ದೊಡ್ಡ ಬುಟ್ಟಿ. ನಿಜಕ್ಕೂ ಬುಟ್ಟಿಯೇ. ಸೀಳಿದ ಬಿದಿರಿನ ಅಗಲವಾದ ದಬ್ಬೆಗಳನ್ನು ಅಡ್ಡ ಉದ್ದ ಹೆಣೆದು, ಬಗ್ಗಿಸಿ, ಅಂಚಿಗೆ ದಪ್ಪವಾಗಿ ಬಿದಿರು ಸುತ್ತಿ ಬಿಗಿಯುತ್ತಾರೆ. ಹಿಂದೆ ಹೊರಮೈಗೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯೋ ತಾಡಪಾಲೋ ಹೊದಿಸಿ ಡಾಂಬರು ಬಳಿಯುತ್ತಾರೆ. ಪ್ರವಾಸಿ ತಾಣಗಳಲ್ಲಿ ಫೈಬರ್‌ನ ಹರಿಗೋಲುಗಳೂ ಬಂದಿವೆ. ನಮ್ಮದು ಅಡ್ಡಳತೆಯಲ್ಲಿ 7 ಅಡಿ. ತಳ ಚಪ್ಪಟೆ. ಆದ್ದರಿಂದ ಗೇಣುದ್ದ ನೀರಿದ್ದರೂ ತೇಲುತ್ತದೆ, ಬಂಡೆಗೆ ತಗಲಿದರೂ ಒಡೆಯುವುದಿಲ್ಲ, ಬಗ್ಗಿ ಜಾರಿಕೊಳ್ಳುತ್ತದೆ. ಹೊಳೆಯ ಇಳಿವಿನಲ್ಲಿ ತೇಲಿಕೊಂಡು ಹೋಗಿ, ಬರುವಾಗ ತಲೆಯ ಮೇಲೆ ಬೋರಲು ಹೊತ್ತು ನಡೆದುಕೊಂಡು ಬರಬಹುದು. ಹೀಗೆ ಹೊತ್ತು ತರಬಲ್ಲ ದೋಣಿ ಬೇರೆ ಯಾವುದಿದೆ?

ಇದು ನಿನ್ನೆ ಮೊನ್ನೆಯ ವಸ್ತುವೂ ಅಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಬುಟ್ಟಿಯಂಥ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅವು ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದುವಂತೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದುವಂತೆ. ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಆತ ಗಮನಿಸಿದ್ದ. 500 ವರ್ಷಗಳ ಮೇಲೆ ನಮ್ಮ ಮೊದಲ ದಿನದ ಅನುಭವವೂ ಅದೇ ಆಗಿತ್ತು.

ಸಾಮಾನ್ಯ ದೋಣಿಗೆ ಹಿಂದು ಮುಂದು ಇರುತ್ತದೆ. ಹರಿಗೋಲಿಗೆ ಇಲ್ಲ. ಹುಟ್ಟನ್ನು ಒಂದು ಪಕ್ಕದಲ್ಲಿ ಹಾಕಿದರೆ ಅದು ಗಿರಗಿರನೆ ತಿರುಗುತ್ತದೆ, ಇದ್ದಲ್ಲೇ ಇರುತ್ತದೆ. ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಮುಂದಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನ ಕಡೆಗೆ ಸೆಳೆದುಕೊಳ್ಳಬೇಕು. ಅಂದರೆ ಹರಿಗೋಲನ್ನು ಹಿಂದಿನಿಂದ ನೂಕುವುದಲ್ಲ, ಮುಂದಿನಿಂದ ಕರೆದುಕೊಂಡು ಹೋಗುವುದು. ಇದು ಕೈಗೆ ಹತ್ತಲು ನಮಗೆ ಎರಡು ತಿಂಗಳು ಹಿಡಿಯಿತು. ಮಗಳಿಗೆ ಎರಡು ವಾರ ಸಾಕಾಯಿತು.

ಅಜ್ಜನ ಮೊದಲ ಪಾಠ ಹುಟ್ಟು ಹಾಕುವುದಾಗಿರಲಿಲ್ಲ, ಕೂರುವುದಾಗಿತ್ತು. ಅಂಚಿನ ಮೇಲೆ ಕಾಲಿಡಬಾರದು. ಬಗ್ಗಿ, ನಡುವಿಗೆ ಹೆಜ್ಜೆ ಇಟ್ಟು, ತಕ್ಷಣ ಕುಳಿತುಬಿಡಬೇಕು. ಒಬ್ಬರು ಈ ಕಡೆ ಕುಳಿತರೆ ಅಷ್ಟೇ ತೂಕದವರು ಆ ಕಡೆ ಕೂರಬೇಕು. ಯಾರೂ ಹೇಳದೆ ಕೇಳದೆ ಏಳಬಾರದು. "ಇದರಲ್ಲಿ ದೊಡ್ಡವರು ಚಿಕ್ಕವರು ಅಂತ ಇಲ್ಲ. ಭಾರದವರು ಹಗುರದವರು ಅಷ್ಟೇ" ಎನ್ನುತ್ತಿದ್ದರು ಅಜ್ಜ. ಮನೆಯಲ್ಲಿ ಅಪ್ಪ ಹೇಳಿದ್ದೇ ನಡೆಯುವುದು ರೂಢಿ. ಹರಿಗೋಲಿನಲ್ಲಿ 8 ವರ್ಷದ ಮಗ "ಅಪ್ಪಾ, ನೀನು ಸ್ವಲ್ಪ ಈ ಕಡೆ ಸರಿ, ವಾಲುತ್ತಿದೆ" ಎಂದರೆ ಅಪ್ಪ ಸರಿಯಲೇಬೇಕು. ಈ ಅಭ್ಯಾಸ ದಡಕ್ಕೆ ಬಂದ ಮೇಲೂ ಸ್ವಲ್ಪ ಉಳಿದುಕೊಂಡಿತೆಂದು ನಮ್ಮಲ್ಲೊಬ್ಬರ ಅಭಿಪ್ರಾಯ. ಇನ್ನೊಬ್ಬರು ಅದನ್ನು ಒಪ್ಪುವುದಿಲ್ಲ.

ಎರಡನೆಯ ಪಾಠ ಆಳ ನೋಡುವುದು. ಉದ್ದದೊಂದು ಗಳುವನ್ನು ನೀರಿಗೆ ಇಳಿಸಿ, ತಳ ಮುಟ್ಟಿತೇ, ಮುಟ್ಟಿದ್ದು ಮರಳೋ ಕೆಸರೋ ಕಲ್ಲೋ ಎಂದು ಕೈಯಿಂದಲೇ ತಿಳಿಯಬೇಕು. ಕಳೆದ ವರ್ಷ ಮರಳಿದ್ದ ಕಡೆ ಈ ವರ್ಷ ಮಡು ಇರಬಹುದು. "ಹೊಳೆಯನ್ನು ನಂಬು, ಆದರೆ ಹೋದ ವರ್ಷದ ಹೊಳೆಯನ್ನು ನಂಬಬೇಡ" ಎಂಬುದು ಅಜ್ಜನ ಮಾತು. ಅದನ್ನು ಕೇಳಿದಾಗಲೆಲ್ಲ ನಮಗೆ ಅಮ್ಮನ ತಮ್ಮನ ನೆನಪಾಗುತ್ತಿತ್ತು.

ಹೀಗೆ ಭಾನುವಾರದ ಮುಂಜಾವುಗಳು ಹೊಳೆಯ ಪಾಲಾದವು. ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಹಳೆಯ ಸೇತುವೆಯ ಕಮಾನುಗಳನ್ನು ನಾವು ಬಸ್ಸಿನಿಂದ ಸಾವಿರ ಸಲ ನೋಡಿದ್ದೆವು. ಅದರ ಕೆಳಗೆ ತೇಲುತ್ತ, ಕಲ್ಲಿನ ತಂಪು ಮೈಗೆ ತಾಗುವಾಗಲೇ ಅದು ಎಷ್ಟು ಹಳೆಯದೆಂದು ಅರ್ಥವಾಯಿತು. ಮಕ್ಕಳು ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿಗಳನ್ನು ಗುರುತಿಸಲು ಕಲಿತರು. ಪತ್ರಿಕೆ ಬಂದ ಕೂಡಲೇ ಕ್ರಿಕೆಟ್ ಪುಟಕ್ಕಿಂತ ಮೊದಲು ಜಲಾಶಯಗಳ ಮಟ್ಟದ ಪಟ್ಟಿ ನೋಡುವ ಚಟ ಹತ್ತಿತು. ಕಬಿನಿಯ ಗರಿಷ್ಠ ಮಟ್ಟ 2,284 ಅಡಿ ಎಂಬುದು ಮಗನಿಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಮಟ್ಟ ಅದರ ಹತ್ತಿರ ಬಂದರೆ ಯಾವಾಗ ಬೇಕಾದರೂ ಗೇಟು ತೆರೆದಾರು. ಆ ವಾರ ಹರಿಗೋಲು ಹಿತ್ತಲಲ್ಲೇ ಇರಬೇಕು. ವಯನಾಡಿನಲ್ಲಿ ಮಳೆ ಸುರಿದರೆ ನಂಜನಗೂಡಿನ ಒಂದು ಮನೆಯಲ್ಲಿ ಮಕ್ಕಳ ಮುಖ ಸಪ್ಪಗಾಗುತ್ತಿತ್ತು!

ಹರಿಗೋಲನ್ನು ಇಟ್ಟುಕೊಳ್ಳುವುದು ಸುಲಭವೂ ಅಲ್ಲ. ಬಿಸಿಲಿಗೆ ಬಿಟ್ಟರೆ ಹೊದಿಕೆ ಸೀಳುತ್ತದೆ, ನೆಲಕ್ಕೆ ತಾಗಿಸಿ ಇಟ್ಟರೆ ಗೆದ್ದಲು. ವರ್ಷಕ್ಕೊಮ್ಮೆ ಡಾಂಬರು ಕಾಯಿಸಿ ಬಳಿಯಬೇಕು. ಆ ದಿನ ಮನೆಯವರೆಲ್ಲರ ಬಟ್ಟೆ ಹಾಳು. ಮುರಿದ ದಬ್ಬೆಗಳನ್ನು ಬದಲಿಸಲು ಬಿದಿರು ನೇಯುವ ಮೇದರ ಮನೆಗೆ ಹೋಗುತ್ತಿದ್ದೆವು. ಕೊಂಡದ್ದಕ್ಕಿಂತ ದುರಸ್ತಿಗೇ ಹೆಚ್ಚು ಹಣ ಹೋಗಿರಬೇಕು. ಲೆಕ್ಕ ಬರೆದಿಟ್ಟಿಲ್ಲ, ಬರೆದಿದ್ದರೆ ಜಗಳವಾಗುತ್ತಿತ್ತು.

ಈ ಐದು ವರ್ಷಗಳಲ್ಲಿ ಅಮ್ಮ ಒಂದು ದಿನವೂ ದಡಕ್ಕೆ ಬರಲಿಲ್ಲ. ಆದರೆ ನಾವು ಹಿಂದಿರುಗುವವರೆಗೆ ಬಾಗಿಲಲ್ಲೇ ಕುಳಿತಿರುತ್ತಿದ್ದರು. ನಾವು ಬಂದ ಕೂಡಲೇ ಎಣಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಎಣಿಸಿ ಒಳಗೆ ಹೋಗುತ್ತಿದ್ದರು.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನರು ಪ್ರಾಣ ಕಳೆದುಕೊಂಡರು. ಟಿ.ವಿ.ಯಲ್ಲಿ ಆ ಸುದ್ದಿ ನೋಡುತ್ತಿದ್ದಾಗ ಅಮ್ಮ ಎದ್ದು ಹೋಗಿ ತಮ್ಮ ಪೆಟ್ಟಿಗೆಯಿಂದ ಹಣ ತಂದು ನಮ್ಮ ಮುಂದೆ ಇಟ್ಟರು. "ಆ ಗಾಳಿ ತುಂಬಿದ ಅಂಗಿ ಸಿಗುತ್ತದಂತಲ್ಲ, ನಾಲ್ಕೂ ಜನಕ್ಕೆ ತನ್ನಿ." ಲೈಫ್ ಜಾಕೆಟ್ ಎಂಬ ಹೆಸರು ಅವರಿಗೆ ಗೊತ್ತಿರಲಿಲ್ಲ. ಅದರ ಅಗತ್ಯ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ ನಾವು ಈಜು ಬರುತ್ತದೆ ಎಂಬ ಧೈರ್ಯದ ಮೇಲೆ ಇದ್ದೆವು. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಾವು ನಾಲ್ಕರ ಬದಲು ಐದು ತಂದೆವು.

ಅದೇ ವರ್ಷ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಟ್ಟರು. ಹೊಳೆಯ ಬದಿಯ ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆಯ ಹತ್ತಿರ ಮೈಸೂರು ರಸ್ತೆಯ ಮೇಲೆ ನೀರು ನಿಂತಿತು. ತಗ್ಗಿನ ಬೀದಿಗಳಿಗೆಲ್ಲ ನೀರು ನುಗ್ಗಿತು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿದ್ದುದರಿಂದ ಪಾರಾಯಿತು.

"ನಿಮ್ಮಲ್ಲಿ ಹರಿಗೋಲಿದೆಯಲ್ಲ" ಎಂದು ಕೆಲವರು ಬಂದರು. ಹೊಳೆಯ ಹರಿವಿಗೆ ಅದನ್ನು ಇಳಿಸುವುದು ಹುಚ್ಚುತನ. ಆ ನೀರಿನಲ್ಲಿ ಮರಗಳೇ ತೇಲಿ ಬರುತ್ತಿದ್ದವು. ಅದನ್ನು ಸಾಫಾಗಿ ಹೇಳಿದೆವು. ಆದರೆ ನಮ್ಮ ಹಿಂದಿನ ಬೀದಿಯಲ್ಲಿ ನೀರು ಹರಿಯುತ್ತಿರಲಿಲ್ಲ, ಸೊಂಟದವರೆಗೆ ಸುಮ್ಮನೆ ನಿಂತಿತ್ತು. ಕರೆಂಟು ಕಡಿದಿದ್ದಾರೆಂದು ಖಾತ್ರಿ ಮಾಡಿಕೊಂಡು, ಹರಿಗೋಲಿಗೆ ಹಗ್ಗ ಕಟ್ಟಿ, ಗಳುವಿನಿಂದ ನೆಲ ತಡಕುತ್ತ, ನಾವಿಬ್ಬರೂ ನೀರಿನಲ್ಲಿ ನಡೆದುಕೊಂಡೇ ಅದನ್ನು ಎಳೆದೆವು. ಮಕ್ಕಳನ್ನು, ಕಾಯಿಲೆಯವರನ್ನು, ಒಂದಷ್ಟು ಅಕ್ಕಿ ಮೂಟೆಗಳನ್ನು ದಾಟಿಸಿದೆವು.

ಕೊನೆಗೆ ಉಳಿದವರು ಅಮ್ಮನ ಗೆಳತಿ. 70 ದಾಟಿದ ಮುದುಕಿ. ಜಗಲಿಯ ಮೇಲೆ ಮಂಚ ಏರಿಸಿ ಕುಳಿತಿದ್ದರು, ಏಳಲೊಲ್ಲರು. ಎಷ್ಟು ಕೇಳಿಕೊಂಡರೂ ಒಂದೇ ಮಾತು: "ಐದು ವರ್ಷದಿಂದ ನಿಮ್ಮ ತಾಯಿಯನ್ನೇ ಇದರಲ್ಲಿ ಕೂರಿಸಲು ನಿಮ್ಮಿಂದ ಆಗಿಲ್ಲ. ನನ್ನನ್ನು ಕೂರಿಸುತ್ತೀರಾ?"

ನಮ್ಮ ಬಾಯಿ ಕಟ್ಟಿಹೋಯಿತು. ಹಿಂದಿರುಗಿ ಅಮ್ಮನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆವು. ಬನ್ನಿ ಎಂದು ಕರೆಯಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೀರನ್ನು ನೋಡಿದರು. 28 ವರ್ಷಗಳ ಮೇಲೆ ಮೊದಲ ಸಲ ಹಾಗೆ ನೋಡಿದ್ದು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆ ಐದನೆಯ ಅಂಗಿ ಕೊಡಿ" ಎಂದರು.

ಹತ್ತುವಾಗ ಅವರ ಕೈ ನಡುಗುತ್ತಿತ್ತು. ಆದರೆ ಅಂಚಿನ ಮೇಲೆ ಕಾಲಿಡಲಿಲ್ಲ. ನೇರವಾಗಿ ನಡುವಿಗೆ ಹೆಜ್ಜೆ ಇಟ್ಟು ಕುಳಿತರು. ಅಜ್ಜ ನಮಗೆ ಕಲಿಸಿದ್ದನ್ನು, ನಾವು ಊಟದ ಹೊತ್ತಿಗೆ ಮಾತಾಡಿಕೊಂಡದ್ದನ್ನು, ಅವರು ಒಂದನ್ನೂ ಬಿಡದೆ ಕೇಳಿಸಿಕೊಂಡಿದ್ದರು. ಜಗಲಿಯ ಹತ್ತಿರ ಹೋದಾಗ ಅಮ್ಮ ಹೇಳಿದ್ದು ಇಷ್ಟೇ: "ಬಾ, ನನ್ನ ಎದುರು ಕೂರು. ನೀನು ಕೂರದಿದ್ದರೆ ಇದು ವಾಲುತ್ತದೆ." ಗೆಳತಿ ಎದ್ದು ಬಂದರು.

ಆ ದಿನದ ಮೇಲೆ ಮನೆಯಲ್ಲಿ ಹೊಳೆಯ ಮಾತಿಗಿದ್ದ ಬೀಗ ತೆಗೆಯಿತು. ಅಮ್ಮ ತಮ್ಮನ ಹೆಸರು ಹೇಳಿ, ಅವನ ತುಂಟತನಗಳನ್ನು ಮಕ್ಕಳಿಗೆ ಹೇಳತೊಡಗಿದರು. ಹರಿಗೋಲಿನ ವಿಷಯದಲ್ಲೂ ಸಲಹೆಗಳು ಬರತೊಡಗಿದವು. ಅದರಲ್ಲೊಂದು ತಮಾಷೆಯ ಕತೆ.

2022ರಲ್ಲಿ ನಾವು ಕನ್ನಂಬಾಡಿ ಹಿನ್ನೀರಿನ ಕಡೆ ಹೋಗಿದ್ದೆವು. ಮೀನಾಕ್ಷಿಪುರದ ಬಳಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ತ್ರಿಷ್ಣಾ ಹಾಯಿದೋಣಿ ಕ್ಲಬ್ ಇದೆ. ಬಿಳಿ ಹಾಯಿಗಳು ದೂರದ ನೀರಿನಲ್ಲಿ ಜಾರುವುದನ್ನು ನೋಡಿದ ಮಗನಿಗೆ ನಿದ್ದೆ ಬರಲಿಲ್ಲ. ನಮ್ಮ ಹರಿಗೋಲಿಗೂ ಹಾಯಿ ಕಟ್ಟೋಣ! ಬಿದಿರಿನ ಕಂಬ ಸಿದ್ಧವಾಯಿತು. ಬಟ್ಟೆ ಎಲ್ಲಿಂದ? ಅಮ್ಮ ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ಕೊಟ್ಟರು. ಊರಾಚೆಯ ಕೆರೆಯೊಂದರಲ್ಲಿ ಪ್ರಯೋಗ ನಡೆಯಿತು. ಗಾಳಿ ಬೀಸಿದ ಕೂಡಲೇ ಹರಿಗೋಲು ಹೊರಟಿತು ನಿಜ. ಆದರೆ ಗಾಳಿ ಎತ್ತ ನೂಕಿತೋ ಅತ್ತಲೇ, ಅದೂ ಬುಗುರಿಯಂತೆ ತಿರುಗುತ್ತ. ಆಚೆ ದಡದ ಜೊಂಡಿಗೆ ಸಿಕ್ಕಿಹಾಕಿಕೊಂಡಿತು. ಸೀರೆ ಹರಿಯಿತು. ಹುಟ್ಟು ಹಾಕಿಕೊಂಡೇ ಹಿಂದಿರುಗಿದೆವು.

ಕಾರಣವನ್ನು ಮಗಳು ಓದಿ ಹುಡುಕಿದಳು. ಹಾಯಿದೋಣಿಯ ಅಡಿಯಲ್ಲಿ ನೀರಿನೊಳಕ್ಕೆ ಇಳಿಯುವ ಒಂದು ಹಲಗೆ ಇರುತ್ತದೆ. ಗಾಳಿ ಪಕ್ಕಕ್ಕೆ ನೂಕಿದರೂ ಆ ಹಲಗೆ ಜಾರಲು ಬಿಡುವುದಿಲ್ಲ. ಆದ್ದರಿಂದಲೇ ಅದು ಎದುರು ಗಾಳಿಯಲ್ಲೂ ಓರೆ ಓರೆಯಾಗಿ ಮುಂದೆ ಸಾಗಬಲ್ಲದು. ಚಪ್ಪಟೆ ತಳದ ಹರಿಗೋಲಿಗೆ ಆ ಹಿಡಿತವಿಲ್ಲ. ಆದರೆ ಹಲಗೆ ಇದ್ದರೆ ಗೇಣುದ್ದ ನೀರಿನಲ್ಲಿ ತೇಲುವುದೂ ಇಲ್ಲ, ಕಲ್ಲಿಗೆ ತಗಲಿ ಜಾರಿಕೊಳ್ಳುವುದೂ ಇಲ್ಲ. ಅದು ದೊಡ್ಡ ನೀರಿಗೆ ಹುಟ್ಟಿದ ದೋಣಿ, ಇದು ನಮ್ಮ ಕಲ್ಲು ಮರಳಿನ ಹೊಳೆಗೆ ಹುಟ್ಟಿದ್ದು. ಮಗ ಒಪ್ಪಿದ. ಸೀರೆಯ ಉಳಿದ ತುಂಡು ಈಗ ಹರಿಗೋಲಿನ ಒಳಗೆ ನೀರು ಒರೆಸುವ ಬಟ್ಟೆ.

2023ರ ಜನವರಿಯಲ್ಲಿ ಅಮ್ಮನೇ ಕೇಳಿದರು, "ಒಮ್ಮೆ ನರಸೀಪುರಕ್ಕೆ ಹೋಗೋಣವೇ?" ಬಸ್ಸಿನಲ್ಲಿ ಅಲ್ಲ ಎಂಬುದು ಅವರ ದನಿಯಲ್ಲೇ ತಿಳಿಯಿತು. ಗೂಡ್ಸ್ ಆಟೋದಲ್ಲಿ ಹರಿಗೋಲನ್ನು ಹೇರಿಕೊಂಡು ಹೋದೆವು. ಮಳೆಗಾಲ ಕಳೆದು ಹೊಳೆ ಶಾಂತವಾಗಿತ್ತು. ಒಂದು ಬದಿ ಗುಂಜಾ ನರಸಿಂಹಸ್ವಾಮಿ ದೇವಾಲಯ, ಎದುರು ತಿರುಮಕೂಡಲಿನ ಅಗಸ್ತ್ಯೇಶ್ವರ. ಈ ಸ್ಥಳ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರಿನವರು ಹೇಳುತ್ತಾರೆ. ಗುಲಗಂಜಿಯ ತೂಕದ ಬೆಲೆ ಹರಿಗೋಲಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು.

ಅಂದು ಹರಿಗೋಲಿನಲ್ಲಿ ಮೂವರಿಗಷ್ಟೇ ಜಾಗ ಇಟ್ಟೆವು: ಅಮ್ಮ, ಹುಟ್ಟು ಹಾಕಲು ನಮ್ಮಲ್ಲೊಬ್ಬರು, ಗಳು ಹಿಡಿಯಲು ಮಗಳು. ಮಗನೂ ಇನ್ನೊಬ್ಬರೂ ದಡದಲ್ಲಿ ನಿಂತರು. ಅಮ್ಮ ಅಳಲಿಲ್ಲ. ದಡದ ಒಂದು ಮರವನ್ನು ಗುರುತು ಹಿಡಿದು, "ಇನ್ನೂ ಸ್ವಲ್ಪ ಆಚೆ" ಎಂದು ದಾರಿ ತೋರಿಸಿದರು. ಮಗಳು ಗಳು ಇಳಿಸುತ್ತ ಬಂದಳು. ಮೊಣಕಾಲುದ್ದ. ಮತ್ತೆ ಮೊಣಕಾಲುದ್ದ. ಮೂರನೆಯ ಸಲ ಗಳು ತಳ ಮುಟ್ಟದೆ ಕೈಯವರೆಗೆ ಇಳಿದುಹೋಯಿತು. ಮಗಳು ಬೆಚ್ಚಿ ಅಜ್ಜಿಯ ಮುಖ ನೋಡಿದಳು.

"ಇದೇ ಇರಬೇಕು. ಇದಲ್ಲದಿದ್ದರೆ ಇಂಥದ್ದೇ ಇನ್ನೊಂದು" ಎಂದರು ಅಮ್ಮ. ಗಳುವನ್ನು ತಾವೇ ತೆಗೆದುಕೊಂಡು ಮತ್ತೊಮ್ಮೆ ಇಳಿಸಿ ನೋಡಿದರು. ಬಹಳ ಹೊತ್ತಿನ ಮೇಲೆ, "ಅವನ ಕೈಯಲ್ಲಿ ಇದೊಂದು ಕೋಲು ಇದ್ದಿದ್ದರೆ ಸಾಕಾಗಿತ್ತು" ಎಂದರು.

ದಡದಲ್ಲಿ ಊರಿನ ನಾಲ್ಕೈದು ಹುಡುಗರು ಬಟ್ಟೆ ಬಿಚ್ಚಿ ನೀರಿಗಿಳಿಯಲು ಸಿದ್ಧರಾಗಿದ್ದರು. ಅಮ್ಮ ಅವರನ್ನು ಗದರಿಸಲಿಲ್ಲ, ಓಡಿಸಲೂ ಇಲ್ಲ. ಹತ್ತಿರ ಕರೆದು, ಗುಂಡಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಗಳುವಿನಿಂದ ತೋರಿಸಿದರು. ಗುರುತಿಗೆ ಒಂದು ಬಿದಿರು ನೆಟ್ಟು, ಅದರ ತುದಿಗೆ ಹರಿಗೋಲಿನೊಳಗಿದ್ದ ಸೀರೆಯ ತುಂಡನ್ನೇ ಹರಿದು ಕಟ್ಟಿಸಿದರು. ಮುಂದಿನ ಮಳೆಗೆ ಅದು ಉಳಿದಿರಲಾರದು, ಹೊಳೆ ಗುಂಡಿಯ ಜಾಗವನ್ನೂ ಬದಲಿಸಿರುತ್ತದೆ. ಆದ್ದರಿಂದ ಈಗ ಪ್ರತಿ ಜನವರಿ ನಾವು ಅಲ್ಲಿಗೆ ಹೋಗುತ್ತೇವೆ. ಆಳ ನೋಡಿ, ಹೊಸ ಬಿದಿರು ನೆಟ್ಟು, ಅಲ್ಲಿನ ಹುಡುಗರಿಗೆ ತೋರಿಸಿ ಬರುತ್ತೇವೆ. ಕಳೆದ ಸಲ ಅವರಲ್ಲೊಬ್ಬ ನಮಗಿಂತ ಮೊದಲೇ ತನ್ನದೊಂದು ಗಳು ತಂದು ನಿಂತಿದ್ದ.

ಹರಿಗೋಲು ಯಾಕೆ ಎಂದು ಕೇಳುವವರಿಗೆ ನಾವು ಇಷ್ಟನ್ನೆಲ್ಲ ಹೇಳುವುದಿಲ್ಲ. "ಮಕ್ಕಳಿಗೆ ಆಟಕ್ಕೆ" ಎಂದುಬಿಡುತ್ತೇವೆ. ಅದೂ ಸುಳ್ಳಲ್ಲ.